ಮುಂಬೈನಲ್ಲಿ ಒಳ್ಳೆ ಸ್ಯಾಂಡ್‌ವಿಚ್ ಗಾಡಿ ಹುಡುಕೋದು ಹೇಗೆ?

ಕೆಲಸಕ್ಕೆ ಅಂತ ಮುಂಬೈಗೆ ಬಂದ ನಮ್ಮವರಿಗೆ ಇಡ್ಲಿ-ದೋಸೆ ಬೇಕು ಅಂದ್ರೆ ಮಾಟುಂಗಾ ಇದೆ. ಅಲ್ಲಿನ ಉಡುಪಿ ಹೋಟೆಲ್‌ಗಳ ದಾರಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಆದ್ರೆ ಸಂಜೆ 5 ಗಂಟೆಗೆ ಆಫೀಸಲ್ಲಿ ಹಸಿವಾದಾಗ ಏನ್ ಮಾಡ್ತೀವಿ? ಆ್ಯಪ್ ತೆಗೆದು, ಸ್ಟಾರ್ ನೋಡಿ, ಸ್ಯಾಂಡ್‌ವಿಚ್ ಆರ್ಡರ್ ಮಾಡ್ತೀವಿ. ಬರೋದು ಒದ್ದೆ ಬ್ರೆಡ್ಡು!

ಇದ್ರಲ್ಲಿ ಅಂಗಡಿಯವರ ತಪ್ಪೇನಿಲ್ಲ. ಬಿಸಿ ಟೋಸ್ಟನ್ನ ಡಬ್ಬಿಗೆ ಹಾಕಿ ಮುಚ್ಚಿದ್ರೆ ಹಬೆ ಒಳಗೇ ನೀರಾಗುತ್ತೆ, ಬ್ರೆಡ್ ಅದನ್ನ ಹೀರ್ಕೊಳ್ಳುತ್ತೆ. ಮಾಡಿದ ಎರಡು ನಿಮಿಷದಲ್ಲಿ ನಿಂತು ತಿನ್ನೋ ತಿಂಡಿ ಇದು. ಹಾಗಾಗಿ ನನ್ನ ಪ್ರಕಾರ ಊರಿನ ಬೆಸ್ಟ್ ಸ್ಯಾಂಡ್‌ವಿಚ್ ಅಂದ್ರೆ ನೀವು ನಡೆದು ಹೋಗಬಹುದಾದ ದೂರದಲ್ಲಿರೋದು. ಅದನ್ನ ಹುಡುಕೋದು ಹೇಗೆ ಅಂತ ನೋಡೋಣ.

ಮೊದಲು, ಎಲ್ಲಿ ಹುಡುಕಬೇಕು? ಕಾಲೇಜ್ ಗೇಟ್ ಹತ್ರ, ಉದಾಹರಣೆಗೆ ವಿಲೇ ಪಾರ್ಲೆಯ ಮಿಠಿಬಾಯಿ ಕಾಲೇಜಿನ ಸುತ್ತಮುತ್ತ. ಸ್ಟೂಡೆಂಟ್ಸ್ ಜೇಬಲ್ಲಿ ದುಡ್ಡು ಕಮ್ಮಿ, ರುಚಿ ಕೆಟ್ರೆ ಮರುದಿನ ಪಕ್ಕದ ಗಾಡಿಗೆ ಹೋಗ್ತಾರೆ. ಆಮೇಲೆ ಫೋರ್ಟ್, ಚರ್ಚ್‌ಗೇಟ್ ಕಡೆಯ ಹಳೇ ಆಫೀಸ್ ಗಲ್ಲಿಗಳು. ಗುಜರಾತಿಗಳು, ಜೈನರು ಹೆಚ್ಚಿರೋ ಘಾಟ್ಕೋಪರ್‌ನ ಖಾವು ಗಲ್ಲಿಯನ್ನಂತೂ ಬಿಡಬೇಡಿ. ಈರುಳ್ಳಿ, ಆಲೂಗಡ್ಡೆ ತಿನ್ನದವರಿಗೆ ಅಂತ ಬೇಯಿಸಿದ ಬಾಳೆಕಾಯಿ ಹಾಕಿ ಜೈನ್ ಸ್ಯಾಂಡ್‌ವಿಚ್ ಮಾಡ್ತಾರೆ.

ಎರಡನೇದು, ಏನ್ ನೋಡ್ಬೇಕು? ಬಾಂಬೆ ಸ್ಯಾಂಡ್‌ವಿಚ್ ಅಂದ್ರೆ ಬಿಳಿ ಬ್ರೆಡ್, ಬೆಣ್ಣೆ, ಹಸಿರು ಚಟ್ನಿ, ಬೇಯಿಸಿದ ಆಲೂಗಡ್ಡೆ, ಬೀಟ್‌ರೂಟ್, ಸೌತೆಕಾಯಿ, ಟೊಮ್ಯಾಟೊ, ಈರುಳ್ಳಿ, ಮೇಲೆ ಮಸಾಲೆ ಪುಡಿ. ಗಾಡಿಯವರ ಕೈ ಗಮನಿಸಿ. ಬೆಣ್ಣೆನ ಬ್ರೆಡ್‌ನ ಅಂಚಿನವರೆಗೂ ಹಚ್ತಾರಾ? ಅದು ಬರೀ ರುಚಿಗಲ್ಲ, ಚಟ್ನಿ ನೀರು ಬ್ರೆಡ್‌ಗೆ ಇಳಿಯದ ಹಾಗೆ ತಡೆಯೋದೂ ಬೆಣ್ಣೆನೇ. ಚಟ್ನಿ ಗಟ್ಟಿಯಾಗಿದ್ಯಾ? ಸೌತೆಕಾಯಿ, ಟೊಮ್ಯಾಟೊ ನಿಮ್ಮ ಕಣ್ಣೆದುರೇ ಹೆಚ್ತಾರಾ? ಈ ಮೂರೂ ಇದ್ರೆ ಧೈರ್ಯವಾಗಿ ನಿಂತ್ಕೊಳ್ಳಿ.

ಮೊದಲ ದಿನ ಚೀಸ್ ಗ್ರಿಲ್ ತಗೋಬೇಡಿ. ಚೀಸ್ ಎಲ್ಲಾ ತಪ್ಪನ್ನೂ ಮುಚ್ಚಿಬಿಡುತ್ತೆ. ಸಾದಾ ಸ್ಯಾಂಡ್‌ವಿಚ್ ಕೇಳಿ, ಚಟ್ನಿಯ ಯೋಗ್ಯತೆ ಗೊತ್ತಾಗುತ್ತೆ. ಅದು ಇಷ್ಟ ಆದ್ರೆ ಮರುದಿನ ಟೋಸ್ಟ್. ಕೈಯಲ್ಲಿ ಹಿಡಿಯೋ ಟೋಸ್ಟರ್‌ನ ನೇರ ಬೆಂಕಿ ಮೇಲೆ ತಿರುಗಿಸಿ ಸುಡೋ ಗಾಡಿ ಸಿಕ್ರೆ ಇನ್ನೂ ಒಳ್ಳೇದು.

ಈಗ ಮುಖ್ಯವಾದ ಮಾತು, ಹೊಟ್ಟೆ. ಪಿಜಿಯಲ್ಲಿ ಒಬ್ರೇ ಇರ್ತೀವಿ, ಜ್ವರ ಬಂದ್ರೆ ಗಂಜಿ ಮಾಡಿ ಕೊಡೋಕೆ ಅಮ್ಮ ಇರಲ್ಲ. ಮುಂಬೈ ಮಳೆಗಾಲದಲ್ಲಿ ಟೈಫಾಯ್ಡ್, ಕಾಮಾಲೆ ಭಯ ಇದ್ದದ್ದೇ, ಎರಡೂ ಕೆಟ್ಟ ನೀರಿನಿಂದ ಹರಡಬಹುದು. ಚಟ್ನಿ ಹಸಿ, ಅದಕ್ಕೆ ನೀರು ಹಾಕಿರ್ತಾರೆ. ಟೋಸ್ಟ್ ಮಾಡಿದ್ರೂ ಒಳಗಿನ ಚಟ್ನಿ ಕುದಿಯಲ್ಲ. ಅದಕ್ಕೆ ಮಳೆಗಾಲದಲ್ಲಿ ನಾನು ಚಟ್ನಿ, ಹಸಿ ತರಕಾರಿ ಎರಡೂ ಬೇಡ ಅಂತೀನಿ. ಬೆಣ್ಣೆ, ಆಲೂಗಡ್ಡೆ, ಚೀಸ್ ಹಾಕಿ ಚೆನ್ನಾಗಿ ಸುಟ್ಟು ಕೊಡಿ ಅಂದ್ರೆ ಆಯ್ತು. ಉಳಿದ ದಿನಗಳಲ್ಲೂ ಜನ ಜಾಸ್ತಿ ಇರೋ ಹೊತ್ತಿಗೇ ಹೋಗಿ. ಖರ್ಚಾಗೋ ಗಾಡಿಯಲ್ಲಿ ಸಾಮಾನು ತುಂಬಾ ಹೊತ್ತು ಕೂರಲ್ಲ.

ಕೊನೇದಾಗಿ ಎರಡು ಮಾತು ಮರಾಠಿ ಕಲೀರಿ. "ಭಾವು, ತಿಖಟ್ ಕಮಿ" ಅಂದ್ರೆ "ಅಣ್ಣಾ, ಖಾರ ಕಮ್ಮಿ" ಅಂತ. ವಾರಕ್ಕೆ ಎರಡು ಸಲ ಅದೇ ಗಾಡಿಗೆ ಹೋದ್ರೆ ನಿಮ್ಮ ಖಾರ ಎಷ್ಟು ಅಂತ ಅವರೇ ನೆನಪಿಟ್ಕೊಳ್ತಾರೆ. ಯಾವ ಆ್ಯಪ್‌ನ ಸ್ಟಾರ್ ಕೂಡ ಇದನ್ನ ಕೊಡಲ್ಲ.

ಪುಣೆ, ಚೆನ್ನೈ, ಹೈದರಾಬಾದ್‌ನಲ್ಲಿರೋರು ನಿಮ್ಮ ಆಫೀಸ್ ಹತ್ರದ ಗಾಡಿ ಯಾವುದು ಅಂತ ಹೇಳಿ. ಮುಂದಿನ ಸಲ ಆ ಕಡೆ ಬಂದಾಗ ಒಂದು ಸಾದಾ ತಿಂದು ನೋಡ್ತೀನಿ.