ಹರಿಹರದ 577601

ಅಂಚೆ ಇಲಾಖೆ 2025ರಲ್ಲಿ ಹತ್ತು ಅಕ್ಷರಾಂಕಗಳ ಡಿಜಿಪಿನ್ ತಂದ ಮೇಲೆ, ಹಳೆಯ ಆರಂಕಿ ಪಿನ್‌ಕೋಡ್ ಇನ್ನೇಕೆ ಎಂದು ಕೇಳುವವರಿದ್ದಾರೆ. ಸಂಸ್ಕೃತ ಕವಿಯೂ ಆಗಿದ್ದ ಅಂಚೆ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿ, 1972ರ ಆಗಸ್ಟ್ 15ರಂದು ಜಾರಿಗೆ ಬಂದ ವ್ಯವಸ್ಥೆ ಅದು. ಆ ಹಂಚಿಕೆಯಲ್ಲಿ ಚಿಕ್ಕಮಗಳೂರು, ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆ ಎಲ್ಲಕ್ಕೂ ಸಿಕ್ಕಿದ್ದು 577ರ ಸರಣಿ. ಅದರೊಳಗೆ ಹರಿಹರದ ಪಾಲಿಗೆ ಬಂದ 577601 ಗಣಿತಪ್ರಿಯರು ಕಣ್ಣಿಗೊತ್ತಿಕೊಳ್ಳುವಂಥ ಸಂಖ್ಯೆ.

ದಾವಣಗೆರೆಯ 577001 ಸುಲಭವಾಗಿ ಒಡೆಯುತ್ತದೆ: 23 × 25087. ಹರಿಹರದ್ದು ಒಡೆಯುವುದಿಲ್ಲ, ಅದು ಅವಿಭಾಜ್ಯ. ಸಾಲಿಗೆ 760ರಂತೆ 760 ಸಾಲು ಚುಕ್ಕಿ ಇಟ್ಟರೆ 577600 ಚುಕ್ಕಿಗಳ ಅಚ್ಚುಕಟ್ಟಾದ ಚೌಕ ರಂಗೋಲಿ. ಅದನ್ನು ಸಾಲಿಗೆ 380ರಂತೆಯೋ 100ರಂತೆಯೋ ಬೇಕಾದ ಹಾಗೆ ಮರುಜೋಡಿಸಬಹುದು. ಇನ್ನೊಂದೇ ಒಂದು ಚುಕ್ಕಿ ಸೇರಿಸಿ ನೋಡಿ, ಎಷ್ಟೇ ತಿಣುಕಿದರೂ ಒಂದೇ ಉದ್ದ ಸಾಲು ಬಿಟ್ಟರೆ ಬೇರಾವ ಆಯತವೂ ಕೂಡಿಬರುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಕಂಪ್ಯೂಟರ್ ಬೇಕಿಲ್ಲ. 760ರ ಒಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅಂಥವು 134 ಇವೆ. ಆದರೆ ಸಂಖ್ಯೆ ‘ವರ್ಗಕ್ಕೆ ಒಂದು ಕೂಡಿದ್ದು’ ಆಗಿರುವುದರಿಂದ ಅರ್ಧಕ್ಕಿಂತ ಹೆಚ್ಚು ಕೆಲಸ ಉಳಿತಾಯವಾಗುತ್ತದೆ. 7ನ್ನೇ ತೆಗೆದುಕೊಳ್ಳಿ. ಯಾವುದೇ ವರ್ಗಸಂಖ್ಯೆಯನ್ನು 7ರಿಂದ ಭಾಗಿಸಿದರೆ ಶೇಷ 0, 1, 2 ಅಥವಾ 4. ಒಂದು ಕೂಡಿದರೆ 1, 2, 3, 5. ಸೊನ್ನೆ ಬರುವ ಮಾತೇ ಇಲ್ಲ. 3, 11, 19ರ ಕಥೆಯೂ ಇದೇ. 4ರಿಂದ ಭಾಗಿಸಿದಾಗ 1 ಶೇಷ ಉಳಿಸುವ 5, 13, 17ರಂಥ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಬೇಕು. ಅವು 63. ಒಂದು ಭಾನುವಾರದ ಮಧ್ಯಾಹ್ನ, ಕಾಗದ ಪೆನ್ನು ಇದ್ದರೆ ಹೈಸ್ಕೂಲ್ ಮಕ್ಕಳೂ ಮಾಡಿ ಮುಗಿಸಬಹುದು. ಮಾಡಿಸಿ ನೋಡಿ.

4ರಿಂದ ಭಾಗಿಸಿದಾಗ 1 ಶೇಷ ಉಳಿಸುವ ಅವಿಭಾಜ್ಯಗಳ ಗುಣಕ್ಕೂ ಒಂದು ಪತ್ರದ ನಂಟಿದೆ. 1640ರ ಡಿಸೆಂಬರ್ 25ರಂದು ಫ್ರೆಂಚ್ ಗಣಿತಜ್ಞ ಫರ್ಮಾ ತನ್ನ ನಾಡಿನವನೇ ಆದ ವಿದ್ವಾಂಸ ಮರ್ಸೆನ್‌ಗೆ ಬರೆದ: ಇಂಥ ಪ್ರತಿಯೊಂದು ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ, ಅದೂ ಒಂದೇ ಒಂದು ರೀತಿಯಲ್ಲಿ. ಸಾಧನೆ ಬರೆದಿಡಲಿಲ್ಲ. ನೂರು ವರ್ಷದ ಮೇಲೆ ಗಣಿತಜ್ಞ ಆಯ್ಲರ್ ಸಾಧಿಸಿದ. 577601 ಕೂಡ ಇದೇ ಬಗೆಯದು, ಹಾಗಾಗಿ ಅದಕ್ಕೆ 760ರ ವರ್ಗ ಮತ್ತು 1ರ ವರ್ಗ, ಈ ಜೋಡಿ ಬಿಟ್ಟು ಇನ್ನೊಂದು ಜೋಡಿ ಇಲ್ಲ.

ಸರಣಿಯ ತಲೆಯಲ್ಲಿರುವ 577 ಕೂಡ ಇದೇ ಕುಲದ್ದು: 24ರ ವರ್ಗಕ್ಕೆ ಒಂದು ಕೂಡಿದರೆ ಸಿಗುವ ಅವಿಭಾಜ್ಯ. ಬೌಧಾಯನ ಶುಲ್ಬಸೂತ್ರ ಎರಡರ ವರ್ಗಮೂಲಕ್ಕೆ ಕೊಡುವ ಬೆಲೆಯನ್ನು ಒಂದೇ ಭಿನ್ನರಾಶಿಯಾಗಿಸಿದರೆ ಬರುವುದು 577/408. ದಶಮಾಂಶದ ಐದನೆಯ ಸ್ಥಾನದವರೆಗೂ ಸರಿ. ಯಜ್ಞವೇದಿಕೆಯ ಇಟ್ಟಿಗೆ ಲೆಕ್ಕದಲ್ಲಿ ಇಷ್ಟು ನಿಖರತೆ!

577601ರಲ್ಲಿ ಅದೃಷ್ಟ, ದೈವಸಂಕೇತ ಹುಡುಕುವ ಸಂಖ್ಯಾಶಾಸ್ತ್ರದವರ ಮಾತು ನಂಬಬೇಡಿ. ಈ ಗಾತ್ರದಲ್ಲಿ ಸುಮಾರು ಹದಿಮೂರಕ್ಕೊಂದು ಸಂಖ್ಯೆ ಅವಿಭಾಜ್ಯವೇ. ಅಪರೂಪವೆನ್ನಬೇಕಾದದ್ದು ಅದರ ರೂಪ: ಒಂಬತ್ತು ಲಕ್ಷ ಆರಂಕಿ ಸಂಖ್ಯೆಗಳಲ್ಲಿ ವರ್ಗಕ್ಕೆ ಒಂದು ಕೂಡಿದಂಥವು 683 ಮಾತ್ರ, ಅವಿಭಾಜ್ಯವಾದವು ಇನ್ನೂ ಕಡಿಮೆ.

ಹೀಗೆ ಹುಡುಕುತ್ತ ಹೋದರೆ ಇಂಥ ಅವಿಭಾಜ್ಯಗಳು ಎಂದಾದರೂ ಮುಗಿಯುತ್ತವೆಯೇ? 1912ರಲ್ಲಿ ಕೇಂಬ್ರಿಜ್‌ನ ಗಣಿತ ಸಮ್ಮೇಳನದಲ್ಲಿ ಜರ್ಮನ್ ಗಣಿತಜ್ಞ ಲಾಂಡೌ ಈ ಪ್ರಶ್ನೆಯನ್ನು ಮುಂದಿಟ್ಟ, ಇನ್ನೂ ಯಾರೂ ಬಿಡಿಸಿಲ್ಲ. 1978ರಲ್ಲಿ ಪೋಲೆಂಡಿನ ಹೆನ್ರಿಕ್ ಇವಾನಿಯೆಕ್ ಬಹಳ ಹತ್ತಿರ ಬಂದ: ವರ್ಗಕ್ಕೆ ಒಂದು ಕೂಡಿದ ಸಂಖ್ಯೆಗಳಲ್ಲಿ, ಹೆಚ್ಚೆಂದರೆ ಎರಡೇ ಅವಿಭಾಜ್ಯಗಳಾಗಿ ಒಡೆಯುವಂಥವು ಅನಂತ ಎಂದು ಸಾಧಿಸಿದ.