ಹುಟ್ಟುಹಬ್ಬದ ಹುಲಿ, ಮರುದಿನದ ತುರಿಕೆ

ಸೋಮವಾರ ಬೆಳಿಗ್ಗೆ ನಾನು ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ತಾಯಿ, ಮಗ ಕುಳಿತಿದ್ದರು. ಹುಡುಗನಿಗೆ ಏಳು ವರ್ಷ. ಎರಡೂ ಕೆನ್ನೆ ಕೆಂಪಾಗಿ ಊದಿದ್ದವು, ಕಣ್ಣು ಅರ್ಧ ಮುಚ್ಚಿತ್ತು, ಹಣೆಯ ಮೇಲೆ ಮೂರು ಕಪ್ಪು ಗೆರೆಗಳು ಇನ್ನೂ ಮಾಸಿರಲಿಲ್ಲ. “ನಿನ್ನೆ ಇವನ ಹುಟ್ಟುಹಬ್ಬ ಡಾಕ್ಟ್ರೇ. ಹುಲಿ ಆಗ್ಲೇಬೇಕು ಅಂತ ಹಟ ಮಾಡಿದ” ಎಂದರು ತಾಯಿ. ಯಾವ ಬಣ್ಣ ಹಚ್ಚಿದಿರಿ ಎಂದು ಕೇಳಿದೆ. ಚೀಲದಿಂದ ಮಗನ ಡ್ರಾಯಿಂಗ್ ಬಣ್ಣದ ಪೆಟ್ಟಿಗೆಯನ್ನೇ ತೆಗೆದು ತೋರಿಸಿದರು. “ನೋಡಿ, ನಾನ್-ಟಾಕ್ಸಿಕ್ ಅಂತ ಇದರ ಮೇಲೇ ಬರೆದಿದೆಯಲ್ಲ!”

ಪಾಪ, ಆಕೆ ಲೇಬಲ್ ಓದಿಯೇ ಹಚ್ಚಿದ್ದರು. ಆದರೆ ಮಗು ಅಕಸ್ಮಾತ್ ಸ್ವಲ್ಪ ನುಂಗಿದರೆ ವಿಷವಾಗದು ಎಂಬುದಷ್ಟೇ ಆ ಮಾತಿನ ಅರ್ಥ. ಬೆವರಿನೊಡನೆ ಬೆರೆತು ಮೂರು ನಾಲ್ಕು ಗಂಟೆ ಮುಖದ ಮೇಲೆ ಉಳಿದರೆ ಚರ್ಮ ಸಹಿಸುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಸಾಲದೆಂಬಂತೆ, ಒಣಗಿದ ಬಣ್ಣ ಸೋಪಿಗೆ ಬಿಡಲಿಲ್ಲವೆಂದು ಉಗುರುಬಣ್ಣ ತೆಗೆಯುವ ದ್ರಾವಣ ಹಾಕಿ ಉಜ್ಜಿದ್ದರು. ಬಣ್ಣ ಮಾಡಿದ ಗಾಯಕ್ಕಿಂತ ಅದನ್ನು ತೆಗೆಯಲು ಹೋಗಿ ಆದ ಗಾಯವೇ ದೊಡ್ಡದಾಗಿತ್ತು.

ಔಷಧ ಬರೆದುಕೊಟ್ಟೆ. ಎದ್ದು ಹೋಗುವಾಗ ಹುಡುಗ ಮೆಲ್ಲಗೆ ಕೇಳಿದ: “ಮುಂದಿನ ವರ್ಷ ಹುಲಿ ಆಗಬಹುದಾ ಡಾಕ್ಟರ್?” ಆಗಬಹುದು ಎಂದೆ. ಹೇಗೆ ಎಂಬುದನ್ನು ನಿಮಗೂ ಹೇಳುತ್ತೇನೆ. ಈಗ ಮಕ್ಕಳ ಪಾರ್ಟಿಯೆಂದರೆ ಕೇಕು, ಬಲೂನಿನ ಜೊತೆಗೆ ಮುಖಕ್ಕೆ ಬಣ್ಣ ಹಚ್ಚುವುದೂ ಸೇರಿಕೊಂಡಿದೆ. ಮಕ್ಕಳಿಗೆ ಅದರಷ್ಟು ಖುಷಿ ಕೊಡುವುದು ಬೇರೆ ಇಲ್ಲ. ಬೇಡವೆನ್ನಲು ನನಗೂ ಮನಸ್ಸಿಲ್ಲ. ಕೊಂಚ ಮುಂದಾಲೋಚನೆ ಇರಲಿ, ಅಷ್ಟೆ.

ಬಣ್ಣ ಯಾವುದು?

ಚರ್ಮಕ್ಕೆಂದೇ ತಯಾರಿಸಿದ, ನೀರಿನಲ್ಲಿ ಕರಗುವ ಮುಖದ ಬಣ್ಣವನ್ನೇ ಕೊಳ್ಳಿ. ನಮ್ಮ ಕಾನೂನಿನ ಪ್ರಕಾರ ಅದು ಸೌಂದರ್ಯ ಸಾಧನ. ಅಂದಮೇಲೆ ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರು, ಲೈಸೆನ್ಸ್ ನಂಬರು, ಯಾವ ದಿನಾಂಕದೊಳಗೆ ಬಳಸಬೇಕು ಎಂಬ ವಿವರ ಇರಬೇಕು. ಇವು ಯಾವುವೂ ಇಲ್ಲದ ಡಬ್ಬಿ ಎಷ್ಟೇ ಅಗ್ಗವಾಗಿರಲಿ, ಅಂಗಡಿಯಲ್ಲೇ ಇರಲಿ. ಪೋಸ್ಟರ್ ಬಣ್ಣ, ಅಕ್ರಿಲಿಕ್ ಬಣ್ಣ, ಬಟ್ಟೆಯ ಬಣ್ಣ, ಸ್ಕೆಚ್ ಪೆನ್ನು, ಮಾರ್ಕರ್ ಪೆನ್ನು ಯಾವುದೂ ಮುಖಕ್ಕಲ್ಲ.

“ನಮ್ಮ ಹಿರಿಯರು ಬಣ್ಣ ಹಚ್ಚಿಕೊಳ್ಳುತ್ತಿರಲಿಲ್ಲವೇ?” ಎಂದು ನೀವು ಕೇಳಬಹುದು. ಹಚ್ಚಿಕೊಳ್ಳುತ್ತಿದ್ದರು. ಕರಾವಳಿಯ ಹುಲಿವೇಷಕ್ಕೆ ಮೈತುಂಬ ಎಣ್ಣೆಬಣ್ಣ ಬಳಿದು, ಆಮೇಲೆ ಸೀಮೆಎಣ್ಣೆಯಿಂದ ತೊಳೆದುಕೊಳ್ಳುತ್ತಿದ್ದ ಕಾಲವಿತ್ತು. ಯಕ್ಷಗಾನದ ಹಳೆಯ ಬಣ್ಣದ ಪೆಟ್ಟಿಗೆಯಲ್ಲಿ ಅರದಾಳ, ಇಂಗಳೀಕ ಇರುತ್ತಿದ್ದವು. ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸವಿದೆ. ಕಲಾವಿದರು ಕಲೆಗಾಗಿ ಸಹಿಸಿಕೊಂಡ ಕಷ್ಟ ಅದು. ಮಗುವಿನ ಎಳೆಯ ಚರ್ಮಕ್ಕೆ ಆ ಕಷ್ಟ ಯಾಕೆ?

ಅಡುಗೆಮನೆಯ ಬಣ್ಣವಾದರೆ ಅಪಾಯವಿಲ್ಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡುವುದು ಆರತಿ ತಟ್ಟೆಗೆ ಚೆಂದ, ಮಗುವಿನ ಕೆನ್ನೆಗಲ್ಲ. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ. ಕುಂಕುಮದಲ್ಲಿ ಎಂಥ ಬಣ್ಣ ಬೆರೆಸಿರುತ್ತಾರೋ ಹೇಳಲಾಗದು. ಮೀಸೆ ಬರೆಯಲು ಸುರ್ಮಾ ಬೇಡ, ಅದರಲ್ಲಿ ಸೀಸ ಇರುವ ಸಂಭವವಿದೆ.

ಕೈಗೆ ಚಿತ್ರ ಬರೆಸಲು ‘ಕಪ್ಪು ಮೆಹೆಂದಿ’ಯಂತೂ ಬೇಡವೇ ಬೇಡ. ನಿಜವಾದ ಗೋರಂಟಿಯ ಬಣ್ಣ ಕೆಂಪು, ಕಂದು. ಕಡುಕಪ್ಪು ಬರಲೆಂದು ಅದಕ್ಕೆ ಪಿಪಿಡಿ ಎಂಬ ಕೂದಲ ಬಣ್ಣದ ರಾಸಾಯನಿಕವನ್ನು ಬೆರೆಸುತ್ತಾರೆ. ಅದರಿಂದ ಚರ್ಮದ ಮೇಲೆ ನೀರುಗುಳ್ಳೆ ಏಳಬಹುದು. ಒಮ್ಮೆ ಅಲರ್ಜಿಯಾದರೆ ಅದು ಬಾಲ್ಯಕ್ಕೇ ಮುಗಿಯುವುದಿಲ್ಲ. ದೊಡ್ಡವರಾದ ಮೇಲೆ ತಲೆಗೆ ಡೈ ಹಚ್ಚಿದಾಗ ಮತ್ತೆ ತಲೆಯೆತ್ತುತ್ತದೆ.

ಎರಡು ದಿನ ಮೊದಲೇ ಪರೀಕ್ಷೆ

ಪಾರ್ಟಿಗೆ ಎರಡು ದಿನ ಇರುವಾಗಲೇ ಮಗುವಿನ ಮೊಣಕೈಯ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಬಣ್ಣ ಹಚ್ಚಿ, ಕೆಲವು ಗಂಟೆ ಬಿಟ್ಟು ತೊಳೆಯಿರಿ. ಅಲರ್ಜಿ ಕೂಡಲೇ ಕಾಣಿಸಿಕೊಳ್ಳಬೇಕೆಂದಿಲ್ಲ, ಒಂದೆರಡು ದಿನ ತಡವಾಗಿಯೂ ಬರಬಹುದು. ಅದಕ್ಕೇ ಎರಡು ದಿನ. ತುರಿಕೆ, ಕೆಂಪು, ಗುಳ್ಳೆ ಬಂದರೆ ಆ ಬಣ್ಣ ಬೇಡ. ನೀವು ಬಳಸುವ ಎಲ್ಲ ಬಣ್ಣಗಳನ್ನೂ ಹೀಗೆ ನೋಡಿ. ಹಳದಿ ಒಗ್ಗಿದ ಚರ್ಮಕ್ಕೆ ಕೆಂಪು ಒಗ್ಗದೆ ಹೋಗಬಹುದು.

ಈ ಪರೀಕ್ಷೆ ನಿಮ್ಮ ಮಗುವಿಗಾಯಿತು, ಅತಿಥಿಗಳ ಮಕ್ಕಳಿಗೆ? ಕರೆಯುವಾಗಲೇ ಅವರ ತಂದೆತಾಯಿಯನ್ನು ಒಂದು ಮಾತು ಕೇಳಿ: “ಮುಖಕ್ಕೆ ಬಣ್ಣ ಹಚ್ಚಿಸುತ್ತೇವೆ, ನಿಮ್ಮ ಮಗುವಿಗೆ ಆಗುತ್ತದೆಯೇ? ಯಾವುದಾದರೂ ಅಲರ್ಜಿ ಇದೆಯೇ?” ತಿಂಡಿಯ ವಿಷಯವನ್ನೂ ಅದೇ ಉಸಿರಿನಲ್ಲಿ ಕೇಳಿಬಿಡಬಹುದು.

ಒಂದೇ ಸ್ಪಂಜು ಬೇಡ

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ಅಣ್ಣನ ಮಗಳ ಹುಟ್ಟುಹಬ್ಬ. ಹನ್ನೆರಡು ಮಕ್ಕಳು, ಒಂದು ಸ್ಪಂಜು, ಒಂದು ಬಟ್ಟಲು ನೀರು. ನಾನು ಒಳಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ಹೊರಗೆ ಬಂದು ನೋಡಿದರೆ, ಮೊದಲು ಬಣ್ಣ ಹಚ್ಚಿಸಿಕೊಂಡ ಹುಡುಗಿಯ ಮೂಗಿನ ಪಕ್ಕ ಜೇನುಬಣ್ಣದ ಹಕ್ಕಳೆ ಕಟ್ಟಿದ ಹುಣ್ಣು. ಇಂಪೆಟೈಗೊ ಎಂಬ ಅಂಟು ಸೋಂಕು ಅದು. ಅಷ್ಟರಲ್ಲಿ ಅದೇ ಸ್ಪಂಜು ಇನ್ನೂ ನಾಲ್ಕು ಮುಖಗಳನ್ನು ಮುಟ್ಟಿ ಬಂದಿತ್ತು. ವಾರದೊಳಗೆ ಆ ನಾಲ್ವರಲ್ಲಿ ಇಬ್ಬರಿಗೆ ಹುಣ್ಣು ಕಾಣಿಸಿತು. ವೈದ್ಯೆಯ ಮನೆಯಿಂದಲೇ ಮಕ್ಕಳು ಸೋಂಕು ಹೊತ್ತು ಹೋದರಲ್ಲ ಎಂಬ ನಾಚಿಕೆ ನನಗೆ ಇಂದಿಗೂ ಇದೆ. ಕಣ್ಣುಬೇನೆಯೂ ಹೀಗೇ ಹಬ್ಬುತ್ತದೆ.

ಆದ್ದರಿಂದ ಮಗುವಿಗೊಂದು ಸ್ಪಂಜು. ದೊಡ್ಡ ಸ್ಪಂಜನ್ನು ಕತ್ತರಿಸಿ ತುಂಡು ಮಾಡಿಟ್ಟುಕೊಂಡರೆ ಖರ್ಚೂ ಕಡಿಮೆ. ಬಳಸಿದ್ದನ್ನು ಪಕ್ಕದ ಚೀಲಕ್ಕೆ ಹಾಕಿ. ಬ್ರಷ್ಷನ್ನು ಪ್ರತಿ ಮಗುವಿನ ನಂತರ ಸೋಪು ನೀರಿನಲ್ಲಿ ತೊಳೆದು ಒರೆಸಿ, ಬಟ್ಟಲಿನ ನೀರು ಬದಲಿಸಿ. ಹಚ್ಚುವವರ ಕೈಯೂ ಶುಚಿಯಾಗಿರಲಿ. ದುಡ್ಡು ಕೊಟ್ಟು ಕಲಾವಿದರನ್ನು ಕರೆಸಿದರೂ ಇದನ್ನು ಕೇಳಲು ಸಂಕೋಚ ಬೇಡ.

ಯಾರಿಗೆ ಹಚ್ಚಬಾರದು?

ಮುಖದಲ್ಲಿ ಹುಣ್ಣು, ಗಾಯ, ಇಸುಬು ಇರುವ ಮಕ್ಕಳಿಗೆ, ಕಣ್ಣು ಕೆಂಪಾಗಿರುವವರಿಗೆ ಬಣ್ಣ ಬೇಡ. ಮೂರು ವರ್ಷದೊಳಗಿನವರಿಗೂ ಬೇಡ. ಆ ವಯಸ್ಸಿನಲ್ಲಿ ಕೈ ಸದಾ ಬಾಯಿಗೆ, ಕಣ್ಣಿಗೆ ಹೋಗುತ್ತಿರುತ್ತದೆ. ಹಾಗೆಂದು ಆ ಮಗುವನ್ನು ಮೂಲೆಯಲ್ಲಿ ಕೂರಿಸಬೇಡಿ. ರಟ್ಟಿನ ಮುಖವಾಡ, ಕಾಗದದ ಕಿರೀಟ ಒಂದಷ್ಟು ಮಾಡಿಟ್ಟಿರಿ. “ನಿನಗೆ ಹುಣ್ಣಿದೆ, ಬೇಡ” ಎಂದು ಎಲ್ಲರೆದುರು ಹೇಳುವುದಕ್ಕಿಂತ “ನೀನು ರಾಜ ಆಗ್ತೀಯಾ?” ಎಂದು ಕೇಳುವುದು ಮೇಲು. ಹೆದರಿ ಅಳುವ ಮಗುವನ್ನು ಹಿಡಿದು ಕೂರಿಸಿ ಹಚ್ಚಲೂಬಾರದು.

ಕಣ್ಣಿನ ಸುತ್ತ, ತುಟಿಯ ಮೇಲೆ ಬಣ್ಣ ಬೇಡ. ಅಲಂಕಾರದ ಮಿನುಗು ಪುಡಿಯ ಒಂದು ಚೂರು ಸಾಕು, ಕಣ್ಣಿನ ಪಾರದರ್ಶಕ ಪಟಲವನ್ನು ಗೀರಲು.

ಗಡಿಯಾರದ ಲೆಕ್ಕ

ಪೂರ್ತಿ ಮುಖಕ್ಕೆ ಹುಲಿ ಬರೆಯಲು ಹತ್ತು ನಿಮಿಷ ಹಿಡಿಯಿರಿ. ಇಪ್ಪತ್ತು ಮಕ್ಕಳಿಗೆ ಮೂರು ಗಂಟೆಗೂ ಹೆಚ್ಚಾಯಿತು! ಸಾಲಿನಲ್ಲಿ ನಿಂತ ಮಕ್ಕಳು ಕಾಯಲಾರದೆ ಗಲಾಟೆ ಎಬ್ಬಿಸುತ್ತಾರೆ. ಆತುರಕ್ಕೆ ಬಿದ್ದಾಗಲೇ ಸ್ಪಂಜು ಬದಲಿಸುವುದು ಮರೆಯುತ್ತದೆ. ಕೆನ್ನೆಗೊಂದು ಚಿಟ್ಟೆ, ಹೂವು, ಮೂರು ಮೀಸೆಯ ಬೆಕ್ಕು ಎಂದು ಸರಳ ಚಿತ್ರಗಳನ್ನು ಆರಿಸಿಕೊಂಡರೆ ಮೂರು ನಿಮಿಷ ಸಾಕು. ಮಕ್ಕಳು ಒಬ್ಬೊಬ್ಬರಾಗಿ ಬರುತ್ತಿದ್ದಂತೆಯೇ ಹಚ್ಚಲು ಶುರುಮಾಡಿದರೆ ಕೇಕಿನ ಹೊತ್ತಿಗೆ ಎಲ್ಲರೂ ತಯಾರು. ಅಂದಹಾಗೆ, ಮೇಣದಬತ್ತಿ ಉರಿಯುವಾಗ ನೊರೆ ಚಿಮ್ಮುವ ಸ್ಪ್ರೇ ಹತ್ತಿರ ಬಾರದಿರಲಿ. ಅದರ ಅನಿಲಕ್ಕೆ ಬೆಂಕಿ ತಗುಲಿ ಮುಖವೇ ಸುಟ್ಟೀತು.

ತೆಗೆಯುವುದು ಹೇಗೆ?

ನೀರಿನ ಬಣ್ಣವಾದರೆ ಉಗುರುಬೆಚ್ಚಗಿನ ನೀರು, ಮೃದುವಾದ ಸೋಪು, ಹಳೆಯ ಹತ್ತಿಬಟ್ಟೆ ಸಾಕು. ಜಿಡ್ಡಿನ ಬಣ್ಣವಾದರೆ ಮೊದಲು ಕೊಬ್ಬರಿ ಎಣ್ಣೆ ಸವರಿ, ಒರೆಸಿ, ಆಮೇಲೆ ತೊಳೆಯಿರಿ. ಸೀಮೆಎಣ್ಣೆ, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರಾವಣ ಎಂದಿಗೂ ಬೇಡ. ಸ್ವಲ್ಪ ಬಣ್ಣ ಉಳಿದರೆ ಉಳಿಯಲಿ, ನಾಳೆಯ ಸ್ನಾನಕ್ಕೆ ಹೋಗುತ್ತದೆ. ಮಕ್ಕಳಿಗೆ ಬಣ್ಣದ ಮುಖವನ್ನು ಮನೆಯಲ್ಲಿ ಅಜ್ಜಿಗೆ ತೋರಿಸುವ ಆಸೆ ಇರುತ್ತದೆ, ತೋರಿಸಲಿ. ಮಲಗುವ ಮೊದಲು ತೊಳೆಸಿ ಎಂದು ಅವರ ತಾಯಂದಿರಿಗೆ ಹೇಳಿಕಳಿಸಿ.

ತೊಂದರೆಯಾದರೆ

ಉರಿ, ತುರಿಕೆ ಎಂದು ಮಗು ಹೇಳಿದ ಕೂಡಲೇ ಬಣ್ಣ ತೊಳೆದು, ತಣ್ಣೀರಿನ ಬಟ್ಟೆ ಇಡಿ. ಕಪಾಟಿನಲ್ಲಿರುವ ಹಳೆಯ ಮುಲಾಮು ಹಚ್ಚಬೇಡಿ. ಅಂಥ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮರುದಿನಕ್ಕೂ ಕಡಿಮೆಯಾಗದಿದ್ದರೆ, ಗುಳ್ಳೆ ಎದ್ದರೆ ವೈದ್ಯರಿಗೆ ತೋರಿಸಿ. ಬಣ್ಣದ ಡಬ್ಬಿಯನ್ನೂ ಜೊತೆಗೆ ತನ್ನಿ. ಕಣ್ಣಿಗೆ ಬಣ್ಣ ಬಿದ್ದರೆ ಉಜ್ಜಲು ಬಿಡದೆ ಹದಿನೈದು ನಿಮಿಷ ಶುದ್ಧ ನೀರು ಹರಿಸಿ, ನೋವು ನಿಲ್ಲದಿದ್ದರೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ತುಟಿ, ನಾಲಿಗೆ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದಂತಾದರೆ ಮನೆಮದ್ದಿಗೆ ಸಮಯ ಕಳೆಯಬೇಡಿ. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ನೇರ ಆಸ್ಪತ್ರೆಗೆ ಹೊರಡಿ.

ಆ ಹುಡುಗನ ಮುಖ ವಾರದಲ್ಲಿ ತಿಳಿಯಾಯಿತು. ಮರುವರ್ಷ ಹುಟ್ಟುಹಬ್ಬಕ್ಕೆ ಎರಡು ದಿನ ಮೊದಲು ತಾಯಿ ಮತ್ತೆ ಅವನನ್ನು ಕರೆತಂದರು. ಈ ಸಲ ತೋರಿಸಲು ಬಂದದ್ದು ಮೊಣಕೈಯ ಒಳಗಿನ ಹಳದಿ, ಕಪ್ಪು ಬೊಟ್ಟುಗಳನ್ನು. ಚರ್ಮ ನಿರ್ಮಲವಾಗಿತ್ತು. “ಹುಲಿ ಆಗು ಹೋಗಪ್ಪ” ಎಂದೆ. ಕ್ಲಿನಿಕ್ಕಿನಲ್ಲೇ ಒಮ್ಮೆ ಗರ್ಜಿಸಿ ಹೋದ.