ಸಾಲಿ ತಟ್ಟೆಯ ತತ್ತಿ: ವಾರಕ್ಕೆ ಎರಡು ಸರ್ಕಾರದ್ದು, ಉಳಿದ ನಾಲ್ಕು ಯಾರದ್ದು?

ಪಾಮನಕಲ್ಲೂರು (ಮಸ್ಕಿ ತಾ.): ಸರ್ಕಾರಿ ಸಾಲಿಗೆ ಹೋಗುವ ಮಕ್ಕಳಿಗೆ ಬಿಸಿಯೂಟದ ಜೊತೆ ವಾರದ ಆರೂ ದಿನ ಒಂದೊಂದು ಬೇಯಿಸಿದ ತತ್ತಿ ಸಿಗಬೇಕು. ತತ್ತಿ ತಿನ್ನದವರಿಗೆ ಬಾಳೆಹಣ್ಣು. ಊರಾಗ ಯಾರನ್ನ ಕೇಳಿದರೂ "ಸರ್ಕಾರ ಕೊಡ್ತದ" ಅಂತಾರೆ. ಈ ಮಾತು ಮೂರರಲ್ಲಿ ಒಂದು ಪಾಲು ಮಾತ್ರ ಖರೆ. ವಾರದ ಆರು ತತ್ತಿಯಲ್ಲಿ ಎರಡರ ರೊಕ್ಕ ಸರ್ಕಾರದ್ದು. ಉಳಿದ ನಾಲ್ಕರ ರೊಕ್ಕ ಬರೋದು ಅಜೀಂ ಪ್ರೇಮ್‌ಜಿ ಫೌಂಡೇಶನ್ ಅನ್ನೋ ದತ್ತಿ ಸಂಸ್ಥೆಯಿಂದ.

ಇದನ್ನು ತಿಳಕೊಳ್ಳೋದು ಯಾಕೆ ಮುಖ್ಯ ಅಂದರೆ, ಈ ರೊಕ್ಕಕ್ಕೆ ಒಂದು ಅಳತೆ ಐತಿ, ಒಂದು ಗಡುವೂ ಐತಿ. ಎರಡೂ ಮಕ್ಕಳ ತಟ್ಟೆಗೆ, ತತ್ತಿ ಕೊಡುವ ಅಂಗಡಿಯ ಉದ್ರಿ ಪುಸ್ತಕಕ್ಕೆ ನೇರ ಸಂಬಂಧಪಟ್ಟಿದ್ದು.

ಶುರುವಾಗಿದ್ದು ನಮ್ಮ ಕಡೆಯಿಂದಲೇ

ಬಿಸಿಯೂಟ ಅಂದರೆ ಅಕ್ಷರ ದಾಸೋಹ 2002ರಲ್ಲಿ ಮೊದಲು ಬಂದಿದ್ದು ರಾಯಚೂರು ಸೇರಿದಂತೆ ಈ ಭಾಗದ ಜಿಲ್ಲೆಗಳಿಗೆ. ತತ್ತಿಯೂ ಹಾಗೆಯೇ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಕೊಡೋಕೆ ಶುರು ಮಾಡಿದರು. ಕಾರಣ ಹೆಮ್ಮೆಯದ್ದೇನಲ್ಲ. ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚು ಇರೋದು ಈ ಜಿಲ್ಲೆಗಳಲ್ಲೇ ಅಂತ ಸರ್ಕಾರವೇ ಒಪ್ಪಿಕೊಂಡಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಇಡೀ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲ.

ಆಗ ಕೆಲವು ಮಠಾಧೀಶರು ವಿರೋಧ ಮಾಡಿದರು. ಅದಕ್ಕೆ ಎದುರಾಗಿ ಗಂಗಾವತಿಯ ಒಬ್ಬ ವಿದ್ಯಾರ್ಥಿನಿ, ಬಡವರ ಮಕ್ಕಳಿಗೆ ತತ್ತಿ ಬೇಕೇ ಬೇಕು ಅಂತ ಖಡಕ್ಕಾಗಿ ಮಾತಾಡಿದ ವಿಡಿಯೊ ಎಲ್ಲರ ಮೊಬೈಲಿನಾಗೂ ಓಡಾಡಿತ್ತು. ಬಹಳ ಮಂದಿಗೆ ಇನ್ನೂ ನೆನಪಿರಬಹುದು.

ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು, ತತ್ತಿ ಕೊಡುತ್ತಿದ್ದ ಯಾದಗಿರಿಯ ಮಕ್ಕಳನ್ನು, ಆಗಿನ್ನೂ ಕೊಡದಿದ್ದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿ ನೋಡಿದರು. ಯಾದಗಿರಿಯವರ ತೂಕ ಹೆಚ್ಚು ಏರಿತ್ತು. ಅದರಲ್ಲೂ ಎಂಟನೇ ತರಗತಿಯ ಹೆಣ್ಣುಮಕ್ಕಳಲ್ಲಿ ಫರಕು ಎದ್ದು ಕಾಣುತ್ತಿತ್ತು. 2022ರಲ್ಲಿ ಯೋಜನೆ ರಾಜ್ಯದ ಉಳಿದ ಜಿಲ್ಲೆಗಳಿಗೂ ಹೋಯಿತು. ಆಮೇಲೆ ಒಂದರಿಂದ ಹತ್ತನೇ ತರಗತಿ ತನಕ ವಾರಕ್ಕೆ ಎರಡು ದಿನ ಅಂತ ಆಯಿತು.

ಮಸ್ಕಿ, ಲಿಂಗಸುಗೂರು ಕಡೆ ಇದರ ಬೆಲೆ ಬೇರೆ ರೀತಿ. 5ಎ ಕಾಲುವೆಗಾಗಿ ತಿಂಗಳುಗಟ್ಟಲೆ ಧರಣಿ ಕೂತ ಊರು ಪಾಮನಕಲ್ಲೂರು. ಮಳಿ ಕೈಕೊಟ್ಟರೆ ಮಂದಿ ಬೆಂಗಳೂರಿಗೆ ಗುಳೆ ಹೋಗ್ತಾರ, ಹುಡುಗರು ಅಜ್ಜ-ಅಜ್ಜಿ ಹತ್ತಿರ ಉಳೀತಾವ. ಅಂಥ ಮನ್ಯಾಗ ವಾರಕ್ಕೊಮ್ಮೆಯಾದರೂ ತತ್ತಿ ಬೇಯುತ್ತದೆ ಅನ್ನೋ ಗ್ಯಾರಂಟಿ ಇಲ್ಲ.

ಎರಡು ಹೋಗಿ ಆರು ಆಗಿದ್ದು ಹೇಗೆ

2024ರ ಜುಲೈ 20ರಂದು ಬೆಂಗಳೂರಿನಲ್ಲಿ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ನಡುವೆ ಒಪ್ಪಂದ ಆಯಿತು. ಮೂರು ವರ್ಷಕ್ಕೆ ಸುಮಾರು ₹1,500 ಕೋಟಿ ಫೌಂಡೇಶನ್ ಕೊಡಬೇಕು, ಅದರಲ್ಲಿ ಉಳಿದ ನಾಲ್ಕು ದಿನವೂ ತತ್ತಿ ಕೊಡಬೇಕು. ಸರ್ಕಾರಿ, ಅನುದಾನಿತ ಶಾಲೆಗಳ ಸುಮಾರು 55 ಲಕ್ಷ ಮಕ್ಕಳು ಇದರ ಲೆಕ್ಕದಲ್ಲಿ ಬರ್ತಾರೆ. ಅದೇ ವರ್ಷ ಸೆಪ್ಟೆಂಬರ್ 25ರಿಂದ ಆರು ದಿನದ ತತ್ತಿ ಶುರುವಾಯಿತು.

ಇಷ್ಟು ರೊಕ್ಕ ಎಲ್ಲಿಂದ ಬಂತು? ಇಲ್ಲಿ ಬಹಳ ಮಂದಿ ಗೊಂದಲ ಮಾಡಿಕೊಳ್ತಾರೆ. ಇದು ಕಂಪನಿಗಳು ಕಾನೂನಿನ ಪ್ರಕಾರ ಖರ್ಚು ಮಾಡಲೇಬೇಕಾದ ಸಿಎಸ್‌ಆರ್ ಹಣ ಅಲ್ಲ. ಸಿಎಸ್‌ಆರ್ ಅಂದರೆ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡೋದು. ಪಕ್ಕದ ಹಟ್ಟಿ ಚಿನ್ನದ ಗಣಿ ಕಂಪನಿ ಊರೂರಿಗೆ ಮಾಡಿಸುವ ಕೆಲಸ ಆ ಬಗೆಯದ್ದು. ಲಾಭ ಇಳಿದರೆ ಆ ರೊಕ್ಕವೂ ಇಳಿಯುತ್ತದೆ.

ಫೌಂಡೇಶನ್ನಿನ ಹಣ ದತ್ತಿ ಹಣ. ಗುಡಿಗೆ ಬಿಟ್ಟ ಮಾನ್ಯದ ಹೊಲ ಇದ್ದ ಹಾಗೆ ಅಂದರೆ ನಮ್ಮ ಕಡೆ ಬೇಗ ತಿಳಿಯುತ್ತದೆ. ಹೊಲವನ್ನು ಕೊಟ್ಟವರು ವಾಪಸ್ ಕೇಳೋಹಂಗಿಲ್ಲ. ಅದರ ಬೆಳೆಯಲ್ಲಿ ದೀಪದೆಣ್ಣಿ, ದಾಸೋಹ ನಡೀಬೇಕು. ವಿಪ್ರೊ ಕಂಪನಿಯ ಅಜೀಂ ಪ್ರೇಮ್‌ಜಿ ತಮ್ಮ ಷೇರುಗಳನ್ನು ಹಂಗೇ ಬಿಟ್ಟುಕೊಟ್ಟರು. 2019ರ ಮಾರ್ಚಿನಲ್ಲಿ ಒಂದೇ ಸಲಕ್ಕೆ ₹52,750 ಕೋಟಿ ಬೆಲೆಯ ಷೇರುಗಳ ಆದಾಯವನ್ನು ಫೌಂಡೇಶನ್ನಿಗೆ ಕೊಟ್ಟರು. ಅಲ್ಲಿಗೆ ವಿಪ್ರೊದ ಶೇ 67ರಷ್ಟು ಷೇರುಗಳ ಆದಾಯ ದತ್ತಿಗೆ ಸೇರಿತು. ಇಲ್ಲಿ ಷೇರೇ ಹೊಲ, ಅದರಿಂದ ಬರೋ ರೊಕ್ಕವೇ ಬೆಳೆ. ಸಂಸ್ಥೆ ಈ ಭಾಗಕ್ಕೆ ಹೊಸದೂ ಅಲ್ಲ, ಸುರಪುರ ತಾಲೂಕಿನ ಶಾಲೆಗಳಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಕೆಲಸ ಶುರು ಮಾಡಿತ್ತು.

ಹಾಲಿನ ವಿಷಯದಲ್ಲೂ ಹೀಗೇ ಒಂದು ಪಾಲುದಾರಿಕೆ ಐತಿ. ಕ್ಷೀರಭಾಗ್ಯದ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡೋದು 2024ರ ಫೆಬ್ರವರಿಯಿಂದ ನಡೆದಿದೆ. ಅದರಲ್ಲಿ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ಸರ್ಕಾರದ ಜೊತೆ ಕೈಜೋಡಿಸಿದೆ.

ಆರು ರೂಪಾಯಿಯ ಲೆಕ್ಕ

ಈಗ ಅಸಲು ಮಾತಿಗೆ ಬರೋಣ. ಯೋಜನೆಯಲ್ಲಿ ಒಂದು ತತ್ತಿಗೆ ಗೊತ್ತು ಮಾಡಿದ್ದು ₹6. ತತ್ತಿಯ ಬೆಲೆ ಒಂದೇ ಅಲ್ಲ, ಕುದಿಸೋ ಗ್ಯಾಸು, ಸುಲಿಯೋ ಅಡುಗೆಯವರಿಗೆ ಪೈಸೆ ಲೆಕ್ಕದ ಕೂಲಿ, ಎಲ್ಲಾ ಅದರಲ್ಲೇ. ಅಂದರೆ ಅಂಗಡಿಯವರ ಕೈಗೆ ಬರೋದು ಆರಕ್ಕಿಂತ ಕಡಿಮೆ.

₹1,500 ಕೋಟಿಯನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ₹500 ಕೋಟಿ. 55 ಲಕ್ಷ ಮಕ್ಕಳಿಗೆ ವಾರಕ್ಕೆ ನಾಲ್ಕು ತತ್ತಿ ಅಂದರೆ 2 ಕೋಟಿ 20 ಲಕ್ಷ ತತ್ತಿ. ಆರರಂತೆ ವಾರಕ್ಕೆ ₹13.2 ಕೋಟಿ. ವರ್ಷದ ₹500 ಕೋಟಿ ಸುಮಾರು 38 ವಾರಕ್ಕೆ ಸಾಕಾಗುತ್ತದೆ. ದಸರಾ, ಬೇಸಿಗಿ ರಜಾ ಕಳೆದರೆ ಸಾಲಿ ನಡೆಯೋದೂ ಹೆಚ್ಚೂಕಡಿಮೆ ಅಷ್ಟೇ ವಾರ. ಲೆಕ್ಕ ಸರಿಯಾಗಿ ಕೂಡ್ತದೆ. ಸರಿಯಾಗಿ ಕೂಡೋದೇ ತೊಂದರೆ, ಯಾಕಂದರೆ ದರ ಏರಿದರೆ ಅಂತ ನಡುವೆ ಸಡಿಲು ಬಿಟ್ಟಿದ್ದು ಕಾಣೋದಿಲ್ಲ.

ದರ ಮಾತ್ರ ಏರೇ ಏರುತ್ತದೆ. ತತ್ತಿ ವ್ಯಾಪಾರ ಮಾಡೋರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನಾ ಪ್ರಕಟಿಸೋ ಹೊಸಪೇಟೆ ರೇಟು ನೋಡಿಕೊಂಡೇ ಈ ಕಡೆಯ ವ್ಯಾಪಾರ. ಬೇಸಿಗೆಯಲ್ಲಿ ಇಳೀತದ, ಚಳಿಗಾಲದಲ್ಲಿ ಏರ್ತದ. ಈಚಿನ ವರ್ಷಗಳಲ್ಲಿ ಡಿಸೆಂಬರ್-ಜನವರಿ ಹೊತ್ತಿಗೆ ಚಿಲ್ಲರೆ ಅಂಗಡಿಯಲ್ಲಿ ಒಂದಕ್ಕೆ ₹7 ಮುಟ್ಟೋದು ಮಾಮೂಲಾಗಿದೆ.

ಒಂದು ಸಾಲಿಯಲ್ಲಿ 150 ಹುಡುಗರು ತತ್ತಿ ತಿಂತಾರೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 30ರ ಐದು ಟ್ರೇ. ಬರೋ ರೊಕ್ಕ ₹900. ಏಳು ರೂಪಾಯಿ ದರದಾಗ ಬರೇ ತತ್ತಿಗೇ ₹1,050. ದಿನಕ್ಕೆ ₹150 ಕಡಿಮೆ, ವಾರಕ್ಕೆ ₹900, ತಿಂಗಳಿಗೆ ₹3,600. ಗ್ಯಾಸು, ಸುಲಿಯೋ ಕೂಲಿ ಇನ್ನೂ ಹಿಡಿದೇ ಇಲ್ಲ. ಸಾಗಿಸುವಾಗ ಒಡೆಯೋವು, ಬೇಸಿಗಿ ಬಿಸಿಲಿಗೆ ಕೆಡೋವು ಬೇರೆ.

ತತ್ತಿ ಖರೀದಿ ಶಾಲೆ ಮಟ್ಟದಲ್ಲೇ ಆಗೋದರಿಂದ ಈ ಕೊರತೆ ಬೀಳೋದೂ ಅಲ್ಲೇ. ಅದು ಮೂರು ಕಡೆ ಹೋಗಬಹುದು. ಒಂದೋ ಹೆಡ್‌ಮಾಸ್ತರು ತಮ್ಮ ಕಿಸೆಯಿಂದ ಹಾಕ್ತಾರೆ, ರಾಜ್ಯದ ತುಂಬ ಶಿಕ್ಷಕರ ದೂರು ಇದೇ. ಇಲ್ಲವೇ ಕಿರಾಣಿ ಅಂಗಡಿಯವರ ಉದ್ರಿ ಬೆಳೀತದ. ಎರಡೂ ಆಗಲಿಲ್ಲ ಅಂದರೆ ತತ್ತಿ ಸಣ್ಣದಾಗ್ತದ, ಅಥವಾ ವಾರದಾಗ ಒಂದು ದಿನ ಬರೋದೇ ಇಲ್ಲ. ಮೂರನೇದು ಯಾರ ಪುಸ್ತಕದಾಗೂ ಬರೆಯೋದಿಲ್ಲ, ಹುಡುಗರಿಗಷ್ಟೇ ಗೊತ್ತಿರ್ತದ.

ಕದಿಯೋರು ಇಲ್ಲವೇ ಇಲ್ಲ ಅಂತಲೂ ಅಲ್ಲ. 2024ರ ಆಗಸ್ಟಿನಲ್ಲಿ ಕಾರಟಗಿ ತಾಲೂಕಿನ ಗುಂಡೂರಿನ ಅಂಗನವಾಡಿಯಲ್ಲಿ ತಟ್ಟೆಗೆ ತತ್ತಿ ಇಟ್ಟು, ವಿಡಿಯೊ ಮಾಡಿಕೊಂಡು, ತಿರುಗಿ ಎತ್ತಿಕೊಂಡಿದ್ದು ರಾಜ್ಯದ ತುಂಬ ಸುದ್ದಿಯಾಗಿ ಸಿಬ್ಬಂದಿ ಅಮಾನತಾದರು. ಅಂಗನವಾಡಿಯ ತತ್ತಿ ಬೇರೆ ಇಲಾಖೆಯದ್ದು, ಸಾಲಿಯ ತತ್ತಿಗೆ ಸಂಬಂಧ ಇಲ್ಲ. ಆದರೆ ಕಳ್ಳತನವನ್ನೂ ರೊಕ್ಕ ಸಾಲದೇ ಇರೋದನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ, ಕಿಸೆಯಿಂದ ಹಾಕೋ ಮಾಸ್ತರೂ ಕಳ್ಳರ ಸಾಲಿನಲ್ಲಿ ನಿಲ್ಲಬೇಕಾಗ್ತದ.

ಪಾಲಕರು, ಅಂಗಡಿಯವರು ಏನು ಕೇಳಬಹುದು

ಪ್ರತಿ ಸರ್ಕಾರಿ ಶಾಲೆಯಲ್ಲೂ ಎಸ್‌ಡಿಎಂಸಿ ಇರ್ತದ, ಅದರಲ್ಲಿ ಪಾಲಕರೇ ಸದಸ್ಯರು. ದಿನಕ್ಕೆ ಎಷ್ಟು ಮಕ್ಕಳು ಬಂದರು, ಎಷ್ಟು ಮಂದಿ ತತ್ತಿ ತಿಂದರು, ಎಷ್ಟು ಮಂದಿ ಬಾಳೆಹಣ್ಣು ತಗೊಂಡರು, ಯಾವ ದರಕ್ಕೆ ಖರೀದಿ ಆಯಿತು ಅನ್ನೋ ದಾಖಲೆಯನ್ನು ಸಭೆಯಲ್ಲಿ ಕೇಳಬಹುದು. ಕೊಡಲಿಲ್ಲ ಅಂದರೆ ತಾಲೂಕಿನ ಅಕ್ಷರ ದಾಸೋಹ ಅಧಿಕಾರಿ ಇಲ್ಲವೇ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರವಣಿಗೆಯಲ್ಲಿ ಕೊಡೋದು. ತತ್ತಿ ಬದಲು ಮೊದಲು ಕೊಡುತ್ತಿದ್ದ ಶೇಂಗಾ ಚಿಕ್ಕಿಯನ್ನು ಗುಣಮಟ್ಟದ ಕಾರಣಕ್ಕೆ 2025ರ ಆರಂಭದಲ್ಲಿ ಸರ್ಕಾರವೇ ನಿಲ್ಲಿಸಿದೆ, ಈಗ ಬಾಳೆಹಣ್ಣೇ.

ತತ್ತಿ ಕೊಡೋ ಅಂಗಡಿಯವರು ಬಿಲ್ಲಿನಲ್ಲಿ ತಾರೀಖು, ಟ್ರೇ ಲೆಕ್ಕ, ಆ ದಿನದ ದರ ಬರೆದೇ ಕೊಡಬೇಕು. ಬಾಯಿ ಲೆಕ್ಕ ಬೇಡ. ದರ ಏರಿದ್ದಕ್ಕೆ ಸಾಕ್ಷಿ ಆ ಬಿಲ್ಲೇ. ಘಟಕ ವೆಚ್ಚ ಹೆಚ್ಚಿಸಬೇಕು ಅಂತ ಶಾಲೆಯವರು ಮೇಲಕ್ಕೆ ಬರೆಯುವಾಗ ಕೈಯಲ್ಲಿ ಹಿಡಿಯೋಕೆ ಬೇರೆ ಕಾಗದ ಇರೋದಿಲ್ಲ.

ಮದುವೆ, ಹುಟ್ಟುಹಬ್ಬ, ಹಿರಿಯರ ನೆನಪಿನ ದಿನ ಅಂತ ಊರವರು ಬಿಸಿಯೂಟಕ್ಕೆ ಹೆಚ್ಚಿನ ಅಡುಗಿ ಮಾಡಿಸೋಕೂ ನಿಯಮದಲ್ಲಿ ಅವಕಾಶ ಇದೆ. ಹೋಳಿಗಿ ಮಾಡಿಸೋರು ಮಾಡಿಸಲಿ, ಡಿಸೆಂಬರ್ ತಿಂಗಳ ತತ್ತಿಯ ಕೊರತೆ ತುಂಬಿಕೊಟ್ಟರೆ ಇನ್ನೂ ಚಲೋ. ಕೊಡೋರು ಎಸ್‌ಡಿಎಂಸಿಗೆ ತಿಳಿಸಿ, ರಸೀದಿ ತಗೊಂಡು ಕೊಡಬೇಕು.

ಅದೇ ಫೌಂಡೇಶನ್ನಿನ ಇನ್ನೊಂದು ನೆರವು ತಾಲೂಕಿನ ಹೆಣ್ಣುಮಕ್ಕಳಿಗೆ ಗೊತ್ತಿರಲಿ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ, ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದವರಿಗೆ ವರ್ಷಕ್ಕೆ ₹30,000 ವಿದ್ಯಾರ್ಥಿವೇತನ ಇದೆ. 2025ರಲ್ಲಿ ರಾಜ್ಯ ಸರ್ಕಾರದ ಜೊತೆ 'ದೀಪಿಕಾ' ಹೆಸರಲ್ಲಿ ಶುರುವಾಗಿದೆ. ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ, ರೊಕ್ಕ ನೇರ ಹುಡುಗಿಯ ಖಾತೆಗೆ. ಮಂಜೂರು ಮಾಡಿಸಿಕೊಡ್ತೀನಿ ಅಂತ ಕಮಿಷನ್ ಕೇಳೋರಿಗೆ ಒಂದು ರೂಪಾಯಿ ಕೊಡೋ ಅಗತ್ಯ ಇಲ್ಲ.

2027ರ ಆಮೇಲೆ?

2024ರ ಒಪ್ಪಂದ ಮೂರು ವರ್ಷದ್ದು. 2027ರ ಹೊತ್ತಿಗೆ ಮುಗೀಬೇಕು. ಫೌಂಡೇಶನ್ ಮುಂದುವರಿಸಿದರೆ ಸರಿ. ಇಲ್ಲದಿದ್ದರೆ ಆ ನಾಲ್ಕು ತತ್ತಿಯ ₹500 ಕೋಟಿಯನ್ನು ಪ್ರತಿವರ್ಷ ಸರ್ಕಾರ ಬಜೆಟ್ಟಿನಲ್ಲಿ ಹೊಂದಿಸಬೇಕು, ಅದೂ ದರ ಆರರಲ್ಲೇ ನಿಂತರೆ. ಆಗಲಿಲ್ಲ ಅಂದರೆ ಮತ್ತೆ ವಾರಕ್ಕೆ ಎರಡೇ. ಬಿಸಿಯೂಟ ಕಾನೂನಿನ ಬಲದ ಮೇಲೆ ನಿಂತಿದೆ, ನಾಲ್ಕು ದಿನದ ತತ್ತಿ ನಿಂತಿರೋದು ಒಪ್ಪಂದದ ಮೇಲೆ. ಶಾಸಕರು, ಅಧಿಕಾರಿಗಳು ಊರಿಗೆ ಬಂದಾಗ ಈ ಪ್ರಶ್ನೆಯನ್ನು ಈಗಿಂದಲೇ ಕೇಳಬಹುದು, ಗಡುವು ಮುಗಿದ ಮೇಲೆ ಕೇಳಿದರೆ ಬಜೆಟ್ ಆಗಿಹೋಗಿರ್ತದ.

ಆರು ತತ್ತಿ ಶುರುವಾದ ವರ್ಷ ಒಂದನೇ ತರಗತಿಗೆ ಸೇರಿದ ಕೂಸು ಹತ್ತನೇ ತರಗತಿ ಮುಗಿಸೋದು 2034ಕ್ಕೆ.